ಗೋಡೆಯ ಗೂಡು, ಮಜ್ಜೆಯ ಗೂಡು

ಸದಾಶಿವ ಪೇಠೆಯ ಹಳೆಯ ವಾಡೆಗಳಲ್ಲಿ ಈಗ ಉಳಿದಿರುವವು ಕೆಲವೇ. ನಮ್ಮ ಬಾಡಿಗೆ ಮನೆಯ ಎದುರಿಗೆ ಅಂಥದೊಂದಿದೆ. ಅದರ ನಡುಮನೆಯ ದಪ್ಪ ಗೋಡೆಯಲ್ಲಿ ದೀಪವಿಡಲೆಂದೇ ಬಿಟ್ಟ ಒಂದು ಗೂಡು. ಮರಾಠಿಯವರು ಅದನ್ನು ಕೋನಾಡಾ ಎನ್ನುತ್ತಾರೆ, ವಿಜಯಪುರದ ಕಡೆಯವರು ಮಾಡ ಎನ್ನುತ್ತಾರೆ. ಹೊರಗೆ ಗಾಳಿ ಎಷ್ಟೇ ಬೀಸಿದರೂ ಅದರೊಳಗಿನ ದೀಪ ಆರುವುದಿಲ್ಲ. ಆ ಮನೆಯಲ್ಲಿರುವವರು ವಿಜಯಪುರ ಜಿಲ್ಲೆಯಿಂದ ಮದುವೆಯಾಗಿ ಪುಣೆಗೆ ಬಂದು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಹಿರಿಯರು. ಈ ಓಣಿಯ ಎರಡು ಮೂರು ಕನ್ನಡ ಮನೆಗಳವರಿಗೆಲ್ಲ ಅವರು ಕಾಕು.

ಕೆಲವು ವರ್ಷಗಳ ಹಿಂದೆ ಕಾಕುವಿಗೆ ಬೆನ್ನುನೋವು ಬಂತು. ವಯಸ್ಸಿನ ನೋವೆಂದು ಎಣ್ಣೆ ತಿಕ್ಕಿಸಿಕೊಂಡರು. ಕೊನೆಗೆ ಅದು ಮಲ್ಟಿಪಲ್ ಮೈಲೋಮಾ ಎಂದು ತಿಳಿಯಿತು. ಎಲುಬಿನ ಮಜ್ಜೆಯಲ್ಲಿ ಬೆಳೆಯುವ ರಕ್ತದ ಕ್ಯಾನ್ಸರು. ಚಿಕಿತ್ಸೆ ನಡೆಯಿತು. ಅವರದೇ ಆಕರಕೋಶಗಳನ್ನು ತೆಗೆದಿಟ್ಟು ಮರಳಿ ಕೊಟ್ಟರು. ವರದಿಗಳು ಶುದ್ಧವಾದವು. ಮೂರು ವರ್ಷ ಅವರು ಎಂದಿನಂತೆ ತುಳಸಿಬಾಗಿಗೆ ನಡೆದುಹೋಗಿ ಸಂತೆ ಮಾಡಿದರು. ಆಮೇಲೆ ಅದು ಮರಳಿ ಬಂತು.

ಅಂದು ಸಂಜೆ ವರದಿಯ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ನಮ್ಮನ್ನು ಕೇಳಿದರು: “ಅಲ್ಲೋ ತಮ್ಮಾ, ರಿಪೋರ್ಟಿನ್ಯಾಗ ಏನೂ ಇಲ್ಲ ಅಂದಿದ್ರಲ್ಲ, ಮೂರು ವರ್ಷ ಎಲ್ಲಿ ಅಡಗಿ ಕೂತಿತ್ತು ಅದು? ನಾ ಏನರ ತಪ್ಪು ಮಾಡಿದೆನೇನು?”

ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ಬಂಧುಗಳು ಆಗಲೇ ಸಿದ್ಧರಾಗಿದ್ದರು. ಗೋಧಿಹುಲ್ಲಿನ ರಸ ನಿಲ್ಲಿಸಿದ್ದು ತಪ್ಪು, ಮಗನ ಚಿಂತೆ ಹಚ್ಚಿಕೊಂಡದ್ದು ತಪ್ಪು, ಮನಸ್ಸು ಗಟ್ಟಿ ಮಾಡಿಕೊಳ್ಳದ್ದು ತಪ್ಪು. ನಾವು ವೈದ್ಯರಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತ ನೋಡುವವರು. ಓದಿದ್ದು ಇಂಗ್ಲಿಷ್ ಎಂ.ಎ. ಆದರೆ ಯಾವುದೇ ವಿಷಯ ಮೇಜಿಗೆ ಬಂದರೆ ಅದರ ಮೊದಲ ಟಿಪ್ಪಣಿಯಿಂದ ಓದಿಕೊಂಡು ಬರುವುದು ನಮ್ಮ ವೃತ್ತಿಯ ಅಭ್ಯಾಸ. ಕಾಕುವಿನ ಮೊದಲ ಪ್ರಶ್ನೆಯನ್ನು ಹಾಗೆಯೇ ಹಿಂದಿನಿಂದ ಓದಿಕೊಂಡು ಬಂದಾಗ ಎರಡನೆಯದಕ್ಕೂ ಉತ್ತರ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮಜ್ಜೆ ಎಂಬ ಪದ ನಮಗೆ ಹಳೆಯದು. ಅದರ ಕೆಲಸ ತಿಳಿದದ್ದು ಮಾತ್ರ ಇತ್ತೀಚೆಗೆ. ಆಯುರ್ವೇದದ ಸಪ್ತಧಾತುಗಳಲ್ಲಿ ರಕ್ತ ಎರಡನೆಯದು, ಮಜ್ಜೆ ಆರನೆಯದು. ಒಂದು ಧಾತು ಮುಂದಿನದನ್ನು ಪೋಷಿಸುತ್ತದೆ ಎಂಬುದು ಆ ಕ್ರಮದ ತಾತ್ಪರ್ಯ. ಹಾಗೆ ನೋಡಿದರೆ ರಕ್ತದಿಂದ ಮುಂದೆ ಮಜ್ಜೆಯೇ ಹೊರತು ಮಜ್ಜೆಯಿಂದ ರಕ್ತವಲ್ಲ. ಯುರೋಪಿನಲ್ಲಿಯೂ ಮಜ್ಜೆ ಎಂದರೆ ಎಲುಬಿನ ಆಹಾರ ಎಂಬ ನಂಬಿಕೆಯೇ ಶತಮಾನಗಳ ಕಾಲ ಇತ್ತು. 1868ರಲ್ಲಿ ಕ್ಯೋನಿಗ್ಸ್‌ಬರ್ಗಿನ ಅರ್ನ್ಸ್ಟ್ ನಾಯ್ಮನ್ ಎಲುಬನ್ನು ಹಿಂಡಿ ಬಂದ ರಸವನ್ನು ಸೂಕ್ಷ್ಮದರ್ಶಕದಡಿ ನೋಡಿ, ಕೆಂಪು ರಕ್ತಕಣಗಳು ಹುಟ್ಟುವುದು ಇಲ್ಲಿಯೇ ಎಂದು ಸಾರಿದರು. ಅದೇ ವರ್ಷ ಇಟಲಿಯಲ್ಲಿ ಜೂಲಿಯೋ ಬಿಟ್ಸೊಟ್ಸೆರೊ ಸ್ವತಂತ್ರವಾಗಿ ಅದೇ ನಿರ್ಣಯಕ್ಕೆ ಬಂದರು. ವಯಸ್ಕರ ಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪುಕಣಗಳು ತಯಾರಾಗುತ್ತವೆಂದು ಇಂದು ಲೆಕ್ಕ ಹಾಕುತ್ತಾರೆ. ಆ ಕಾಲಕ್ಕೆ ಎಲುಬಿನೊಳಗೆ ಇಂಥದೊಂದು ಕಾರ್ಖಾನೆಯಿದೆಯೆಂದು ಒಪ್ಪುವುದೇ ಹಲವರಿಗೆ ಕಷ್ಟವಾಯಿತು.

ರೋಗಗಳು ಮಾತ್ರ ಅದಕ್ಕೂ ಮುಂಚೆಯೇ ಗುರುತಾಗಿದ್ದವು. 1845ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಕೋ ಮತ್ತು ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್, ಬಿಳಿಕಣಗಳಿಂದ ತುಂಬಿದ ರಕ್ತದ ರೋಗಿಗಳನ್ನು ಬೇರೆಬೇರೆಯಾಗಿ ವರ್ಣಿಸಿದರು. ಎರಡು ವರ್ಷಗಳ ನಂತರ ವಿರ್ಕೋ ಅದಕ್ಕೆ ಲ್ಯುಕೇಮಿಯಾ ಎಂದು ಹೆಸರಿಟ್ಟರು. ಅದೇ 1845ರಲ್ಲಿ ಲಂಡನ್ನಿನ ಕಿರಾಣಿ ವ್ಯಾಪಾರಿಯೊಬ್ಬರು ಎಲುಬುನೋವಿನಿಂದ ಹಾಸಿಗೆ ಹಿಡಿದರು. ಅವರ ಮೂತ್ರದಲ್ಲಿ ವಿಚಿತ್ರ ವಸ್ತುವೊಂದಿತ್ತು: ಕುದಿಸಿದರೆ ಕರಗುತ್ತಿತ್ತು, ಆರಿದರೆ ಮತ್ತೆ ಗಟ್ಟಿಯಾಗುತ್ತಿತ್ತು. ಅದನ್ನು ಪರೀಕ್ಷಿಸಿದವರು ಹೆನ್ರಿ ಬೆನ್ಸ್ ಜೋನ್ಸ್. ಕಾಕುವಿನ ವರದಿಯಲ್ಲಿಯೂ ‘ಬೆನ್ಸ್ ಜೋನ್ಸ್ ಪ್ರೋಟೀನ್’ ಎಂಬ ಸಾಲಿದೆ. ಒಬ್ಬ ಲಂಡನ್ ಕಿರಾಣಿಯವನ ಮೂತ್ರದ ಬಾಟಲಿಯಿಂದ ಹೊರಟ ಆ ಹೆಸರು ಸದಾಶಿವ ಪೇಠೆಯ ಲಕೋಟೆಯವರೆಗೆ ಬಂದಿದೆ.

ಮುಂದೆ ಮಜ್ಜೆಯನ್ನು ನೋಡುವ ಸಾಧನ ಸಿಕ್ಕಿತು. 1929ರಲ್ಲಿ ಲೆನಿನ್‌ಗ್ರಾದಿನ ಮಿಖಾಯಿಲ್ ಅರಿಂಕಿನ್, ಬದುಕಿರುವ ರೋಗಿಯ ಎದೆಮೂಳೆಗೆ ಸೂಜಿ ಹಾಕಿ ಮಜ್ಜೆಯನ್ನು ಹೀರಿ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಇದು ದೊಡ್ಡ ಉಪಕಾರ. ಆದರೆ ಇದರಲ್ಲಿ ಒಂದು ಮಿತಿಯೂ ಇತ್ತು. ಹೀರಿದಾಗ ಬರುವುದು ಸಡಿಲವಾದ ಕೋಶಗಳು ಮಾತ್ರ. ಅವು ಯಾವುದಕ್ಕೆ ಅಂಟಿಕೊಂಡಿದ್ದವು, ಯಾರ ನೆರೆಯಲ್ಲಿ ಕುಳಿತಿದ್ದವು, ಏನನ್ನು ಉಣ್ಣುತ್ತಿದ್ದವು ಎಂಬುದೆಲ್ಲ ಎಲುಬಿನಲ್ಲಿಯೇ ಉಳಿಯುತ್ತದೆ. ಹೊಲದಿಂದ ಬೀಜವನ್ನಷ್ಟೇ ಆರಿಸಿ ತಂದು ಮಣ್ಣನ್ನು ಅಲ್ಲಿಯೇ ಬಿಟ್ಟಂತೆ. ಮಜ್ಜೆಯ ತುಣುಕನ್ನು ಮಣ್ಣುಸಮೇತ ತೆಗೆಯಲು ಇಂದು ಬಳಸುವ ಜಮ್‌ಶೀದಿ ಸೂಜಿಯ ವಿವರ ಪ್ರಕಟವಾದದ್ದು 1971ರಲ್ಲಿ. ಅಷ್ಟು ಕಾಲ ರಕ್ತದ ರೋಗವೆಂದರೆ ಬೀಜದ ದೋಷವೆಂದೇ ವೈದ್ಯಲೋಕ ಎಣಿಸಿತು.

ಬೀಜ ಮತ್ತು ಮಣ್ಣಿನ ಹೋಲಿಕೆ ನಮ್ಮದಲ್ಲ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ, ಸ್ತನದ ಕ್ಯಾನ್ಸರಿನಿಂದ ಸತ್ತ 735 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ, ಗಡ್ಡೆ ಹರಡುವುದು ಮನಬಂದ ಕಡೆಗಲ್ಲ. ಬೀಜ ಎಲ್ಲೆಡೆ ಚೆಲ್ಲಿದರೂ ಹೊಂದುವ ಮಣ್ಣಿನಲ್ಲಿ ಮಾತ್ರ ಅದು ಮೊಳೆಯುತ್ತದೆ ಎಂದು ವಾದಿಸಿದರು. ರಕ್ತದ ಕ್ಯಾನ್ಸರಿನ ವಿಷಯದಲ್ಲಿ ಈ ಮಾತಿಗೆ ಕಿವಿಗೊಡಲು ಮತ್ತೆ ಸುಮಾರು ನೂರು ವರ್ಷ ಬೇಕಾಯಿತು. ರಕ್ತ ಹರಿಯುವ ವಸ್ತು. ಹರಿಯುವುದಕ್ಕೆ ಮಣ್ಣೆಲ್ಲಿ ಎಂದು ತೋರಿದ್ದಿರಬೇಕು.

ಇಲ್ಲಿ ನಮ್ಮ ದೇಶವೂ ಕಥೆಯೊಳಗೆ ಬರುತ್ತದೆ. 1928ರಲ್ಲಿ ಮುಂಬಯಿಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಗಿರಣಿ ಕಾರ್ಮಿಕ ಬಸುರಿಯರ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಯೀಸ್ಟಿನ ಸಾರದಲ್ಲಿರುವ ಯಾವುದೋ ಅಂಶ ಅದನ್ನು ಗುಣಪಡಿಸುತ್ತದೆಂದು ಕಂಡರು. ಅದೇ ಮುಂದೆ ಫೋಲಿಕ್ ಆಮ್ಲವೆಂದು ತಿಳಿಯಿತು. ಭೀಮವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯನ್ನು ಮುನ್ನಡೆಸುತ್ತಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಅದಕ್ಕೆ ವಿರುದ್ಧವಾಗಿ ವರ್ತಿಸುವ ವಸ್ತುಗಳನ್ನೂ ತಯಾರಿಸಿತು. ಫೋಲಿಕ್ ಆಮ್ಲ ಕೊಟ್ಟಾಗ ಲ್ಯುಕೇಮಿಯಾ ಉಲ್ಬಣಿಸುವುದನ್ನು ಕಂಡ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ಆ ವಿರೋಧಿ ವಸ್ತುಗಳಲ್ಲೊಂದಾದ ಅಮಿನಾಪ್ಟೆರಿನ್ ಅನ್ನು ರೋಗಪೀಡಿತ ಮಕ್ಕಳಿಗೆ ಕೊಟ್ಟರು. 1948ರ ಜೂನ್ ತಿಂಗಳಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ರಕ್ತದ ಕ್ಯಾನ್ಸರನ್ನು ಔಷಧಿಯಿಂದ ಹಿಮ್ಮೆಟ್ಟಿಸಬಹುದೆಂದು ಜಗತ್ತಿಗೆ ತಿಳಿದದ್ದು ಆಗ.

ಆದರೆ ಆ ಮಕ್ಕಳಲ್ಲಿ ರೋಗ ಕೆಲವೇ ತಿಂಗಳುಗಳಲ್ಲಿ ಮರಳಿತು. ಕಾಕುವಿನ ಪ್ರಶ್ನೆ ಮೊದಲು ಹುಟ್ಟಿದ್ದು ಅಲ್ಲಿಯೇ: ಎಲ್ಲಿ ಅಡಗಿತ್ತು? ಮೊದಲ ಉತ್ತರ 1960ರ ದಶಕದಲ್ಲಿ ಸಿಕ್ಕಿತು. ಔಷಧಿ ಸರಿಯಾಗಿ ತಲುಪದ ಮಿದುಳಿನ ಹೊದಿಕೆಗಳಲ್ಲಿ ಕೆಲವು ಕೋಶಗಳು ಉಳಿಯುತ್ತಿದ್ದವು. ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ ತಲೆಗೆ ವಿಕಿರಣ ಕೊಟ್ಟು, ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಔಷಧಿ ಚುಚ್ಚಿದರು. ಹಲವು ಔಷಧಿಗಳನ್ನು ಕೂಡಿಸಿದ ಆ ಚಿಕಿತ್ಸೆಯಿಂದ ದಶಕದ ಕೊನೆಯ ವೇಳೆಗೆ ಅರ್ಧದಷ್ಟು ಮಕ್ಕಳು ಉಳಿಯತೊಡಗಿದರು. ಕೋಶಗಳು ಸ್ವತಃ ಮಾರ್ಪಟ್ಟು ಔಷಧಿಗೆ ಬಗ್ಗದಂತಾಗುವುದೂ ಅಷ್ಟರಲ್ಲಿ ತಿಳಿದಿತ್ತು. ಆದರೂ ಲೆಕ್ಕ ಪೂರ್ತಿ ಹೊಂದುತ್ತಿರಲಿಲ್ಲ. ಮಿದುಳಿನ ಗೊಡವೆಯಿಲ್ಲದ, ಮಾರ್ಪಾಡೂ ಕಾಣದ ರೋಗಿಗಳಲ್ಲಿ, ಔಷಧಿ ಧಾರಾಳವಾಗಿ ತಲುಪುವ ಮಜ್ಜೆಯಲ್ಲಿಯೇ ರೋಗ ಮತ್ತೆ ತಲೆಯೆತ್ತುತ್ತಿತ್ತು.

ಈ ಲೆಕ್ಕವನ್ನು ಮುಂದೆ ಬಿಡಿಸಿದ ಸಾಧನಗಳಲ್ಲೊಂದು ಭಾರತಕ್ಕೆ ಬಂದ ದಾರಿ ನಮ್ಮ ಪೇಠೆಯ ಪಕ್ಕದಲ್ಲಿಯೇ ಹಾದುಹೋಗಿದೆ. ಲಕ್ಷ್ಮೀ ರಸ್ತೆಯಲ್ಲಿ ಹುಜೂರಪಾಗಾ ಎಂಬ ಹೆಣ್ಣುಮಕ್ಕಳ ಶಾಲೆಯಿದೆ. ಪೇಶ್ವೆಯರ ಕುದುರೆಲಾಯವಿದ್ದ ಜಾಗವಾದ್ದರಿಂದ ಆ ಹೆಸರು. 1884ರಲ್ಲಿ ಆರಂಭವಾದ ಈ ಶಾಲೆ ಅಧಿಕೃತವಾಗಿ ಸಾಂಗ್ಲಿಯ ಚಿಂತಾಮಣರಾವ್ ಪಟವರ್ಧನರ ಹೆಸರನ್ನು ಹೊತ್ತಿದೆ. ನಮ್ಮ ಶಿರಹಟ್ಟಿ ಸೀಮೆ ಅದೇ ಸಾಂಗ್ಲಿ ಸಂಸ್ಥಾನದಲ್ಲಿತ್ತೆಂಬುದನ್ನು ಕನ್ನಡಿಗರು ಮರೆತಿರಲಾರರು. ಇಲ್ಲಿ ಓದಿದ ಹುಡುಗಿಯರಲ್ಲಿ 1917ರ ನವೆಂಬರ್ 8ರಂದು ಪುಣೆಯಲ್ಲಿ ಹುಟ್ಟಿದ ಕಮಲ ಸಮರ್ಥ ಒಬ್ಬರು. ತಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಜೀವಶಾಸ್ತ್ರದ ಅಧ್ಯಾಪಕರು. ಮಗಳು ವೈದ್ಯಳಾಗಲಿ ಎಂಬುದು ಅವರ ಆಸೆ. ಮಗಳು ಹಿಡಿದದ್ದು ಸಸ್ಯಶಾಸ್ತ್ರವನ್ನು. ಪುಣೆಯ ಕೃಷಿ ಕಾಲೇಜಿನಲ್ಲಿ ಸೀತಾಫಲದ ಕುಟುಂಬದ ಗಿಡಗಳ ಕೋಶಗಳನ್ನು ಅಭ್ಯಸಿಸಿ 1943ರಲ್ಲಿ ಎಂ.ಎಸ್‌ಸಿ. ಪಡೆದರು. ಅಷ್ಟರಲ್ಲಿ ಗಣಿತಜ್ಞ ಜೆ. ಟಿ. ರಣದಿವೆಯವರೊಡನೆ ಮದುವೆಯಾಗಿ ಮುಂಬಯಿ ಸೇರಿದ್ದರು.

ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ವಿ. ಆರ್. ಖಾನೋಲ್ಕರ್ ಅವರ ಕೈಕೆಳಗೆ ಕೆಲಸ ಮಾಡಿ 1949ರಲ್ಲಿ ಕಮಲ ರಣದಿವೆ ಡಾಕ್ಟರೇಟ್ ಪಡೆದರು. ನಂತರ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ಗೇ ಅವರ ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯನ್ನು, ಅಂದರೆ ಶರೀರದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆಯನ್ನು ಕಲಿತರು. 1951ರಲ್ಲಿ ಮನುಷ್ಯರ ಕ್ಯಾನ್ಸರ್ ಕೋಶಗಳನ್ನು ಮೊದಲ ಬಾರಿಗೆ ನಿರಂತರವಾಗಿ ಬೆಳೆಸಿದ್ದು ಅದೇ ಪ್ರಯೋಗಾಲಯ. ಮುಂಬಯಿಗೆ ಮರಳಿದ ರಣದಿವೆ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಕಟ್ಟಿದರು. ಲ್ಯುಕೇಮಿಯಾ, ಸ್ತನದ ಕ್ಯಾನ್ಸರ್, ಅನ್ನನಾಳದ ಕ್ಯಾನ್ಸರ್‌ಗಳನ್ನು ಅಭ್ಯಸಿಸಲು ಪ್ರಾಣಿಮಾದರಿಗಳನ್ನು ರೂಪಿಸಿದರು. 1973ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವನ್ನು ಜೊತೆಗಾರ್ತಿಯರೊಡನೆ ಸ್ಥಾಪಿಸಿದರು. 1982ರಲ್ಲಿ ಅವರಿಗೆ ಪದ್ಮಭೂಷಣ ಬಂತು. 2001ರಲ್ಲಿ ಅವರು ತೀರಿಕೊಂಡರು. ಶಾಲೆಯ ಮುಂದೆ ಸೀರೆ ಅಂಗಡಿಗಳ ಜನಜಂಗುಳಿಯಲ್ಲಿ ಹಾದುಹೋಗುವ ನಾವು ಈ ಹೆಸರನ್ನು ನೆನೆಯುವುದು ಅಪರೂಪ.

ಗಾಜಿನ ಪಾತ್ರೆಯ ಈ ಬೇಸಾಯ ಕ್ಯಾನ್ಸರ್ ಸಂಶೋಧನೆಯ ದಿಕ್ಕನ್ನೇ ಬದಲಿಸಿತು. ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಮುನ್ನ ಕೋಶಗಳ ಮೇಲೆ ಹಾಕಿ ನೋಡಬಹುದಾಯಿತು. ಆದರೆ ಇದೇ ಪಾತ್ರೆ ಒಂದು ಒಗಟನ್ನೂ ಮುಂದಿಟ್ಟಿತು. ಪಾತ್ರೆಯಲ್ಲಿ ಸುಲಭವಾಗಿ ಸಾಯುವ ಕೋಶಗಳು ರೋಗಿಯ ಎಲುಬಿನಲ್ಲಿ ಅದೇ ಔಷಧಿಗೆ ಸಾಯುತ್ತಿರಲಿಲ್ಲ. ಪಾತ್ರೆಯಲ್ಲಿ ಬೀಜವಿತ್ತು, ಮಣ್ಣಿರಲಿಲ್ಲ.

ಮಣ್ಣಿನ ಮಹತ್ವವನ್ನು ಮೊದಲು ನಿಸ್ಸಂದೇಹವಾಗಿ ತೋರಿಸಿದ್ದು ಎರಡು ಬಗೆಯ ಇಲಿಗಳು. ಎರಡಕ್ಕೂ ಹುಟ್ಟಿನಿಂದಲೇ ರಕ್ತಹೀನತೆ, ಎರಡಕ್ಕೂ ಮಾಸಲು ಬಣ್ಣದ ತುಪ್ಪಳ. ಒಂದು ತಳಿಗೆ ಡಬ್ಲ್ಯು ಎಂದೂ ಇನ್ನೊಂದಕ್ಕೆ ಸ್ಟೀಲ್ ಎಂದೂ ಹೆಸರು. ಡಬ್ಲ್ಯು ಇಲಿಗೆ ಆರೋಗ್ಯವಂತ ಇಲಿಯ ಮಜ್ಜೆ ಕೊಟ್ಟರೆ ಅದು ಗುಣವಾಗುತ್ತಿತ್ತು. ಸ್ಟೀಲ್ ಇಲಿಗೆ ಎಷ್ಟು ಮಜ್ಜೆ ಕೊಟ್ಟರೂ ಗುಣವಾಗುತ್ತಿರಲಿಲ್ಲ. ಆದರೆ ಆ ಗುಣವಾಗದ ಸ್ಟೀಲ್ ಇಲಿಯ ಮಜ್ಜೆಯನ್ನೇ ಡಬ್ಲ್ಯು ಇಲಿಗೆ ಕೊಟ್ಟಾಗ ಅದು ಚೇತರಿಸಿಕೊಂಡಿತು! 1965ರಲ್ಲಿ ಟೊರಾಂಟೊದ ಅರ್ನೆಸ್ಟ್ ಮೆಕಲಕ್, ಜೇಮ್ಸ್ ಟಿಲ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಒಂದರಲ್ಲಿ ಬೀಜ ಜೊಳ್ಳು. ಇನ್ನೊಂದರಲ್ಲಿ ಬೀಜ ಗಟ್ಟಿ, ಮಣ್ಣು ಬಂಜರು. ಇಬ್ಬರಿಗೂ ಒಂದೇ ಕಾಯಿಲೆ ಎಂದು ಹೊರಗಿನಿಂದ ಕಂಡರೂ ಒಳಗಿನ ಕಾರಣ ಬೇರೆಯಾಗಿತ್ತು.

ಮುಂದೆ 1977ರಲ್ಲಿ ಮ್ಯಾಂಚೆಸ್ಟರಿನ ಮೈಕೆಲ್ ಡೆಕ್ಸ್‌ಟರ್ ಗಾಜಿನ ಪಾತ್ರೆಯ ತಳದಲ್ಲಿ ಮೊದಲು ಮಜ್ಜೆಯ ಆಧಾರಕೋಶಗಳ ಹಾಸನ್ನು ಬೆಳೆಸಿದರು. ಅದರ ಮೇಲೆ ರಕ್ತದ ಆಕರಕೋಶಗಳು ತಿಂಗಳುಗಟ್ಟಲೆ ಬಾಳಿದವು. ಮರುವರ್ಷ, 1978ರಲ್ಲಿ, ಅದೇ ಊರಿನ ರೇ ಸ್ಕೋಫೀಲ್ಡ್ ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು. ಆಕರಕೋಶ ತನ್ನಷ್ಟಕ್ಕೆ ತಾನು ಆಕರಕೋಶವಾಗಿ ಉಳಿಯುವುದಿಲ್ಲ. ಮಜ್ಜೆಯಲ್ಲಿ ಅದಕ್ಕೊಂದು ಗೊತ್ತಾದ ಠಾವು ಇದೆ, ಆ ಠಾವಿನಲ್ಲಿರುವ ತನಕ ಅದು ಸವೆಯದೆ, ಮುಪ್ಪಾಗದೆ ಉಳಿಯುತ್ತದೆ ಎಂಬುದು ಅವರ ಊಹೆ. ಆ ಠಾವಿಗೆ ಅವರು ಇಟ್ಟ ಹೆಸರು ನಿಶ್. ಇಂಗ್ಲಿಷಿನಲ್ಲಿ ಆ ಪದದ ಮೂಲ ಅರ್ಥ ಗೋಡೆಯ ಗೂಡು. ಕಾಕುವಿನ ನಡುಮನೆಯ ಮಾಡವೇ ಅದು.

ದೀಪ ಕಾಯುವ ಗೂಡು ಕ್ಯಾನ್ಸರನ್ನೂ ಕಾಯಬಲ್ಲದು ಎಂಬುದು ಸ್ಪಷ್ಟವಾದದ್ದು ಶತಮಾನದ ಕೊನೆಯಲ್ಲಿ. 1999ರಲ್ಲಿ ಅಮೆರಿಕದ ವಿಲಿಯಂ ಡಾಲ್ಟನ್ ಅವರ ತಂಡ ಕಾಕುವಿಗಿರುವ ಮೈಲೋಮಾ ರೋಗದ ಕೋಶಗಳನ್ನೇ ಎರಡು ಪಾತ್ರೆಗಳಲ್ಲಿಟ್ಟಿತು. ಒಂದರಲ್ಲಿ ಕೋಶಗಳು ದ್ರವದಲ್ಲಿ ತೇಲುತ್ತಿದ್ದವು. ಇನ್ನೊಂದರ ತಳಕ್ಕೆ ಮಜ್ಜೆಯಲ್ಲಿರುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನನ್ನು ಬಳಿದಿತ್ತು. ಕೋಶಗಳು ಅದಕ್ಕೆ ಅಂಟಿಕೊಂಡವು. ಔಷಧಿ ಹಾಕಿದಾಗ ತೇಲುವವು ಸತ್ತವು, ಅಂಟಿದವುಗಳಲ್ಲಿ ಬಹಳಷ್ಟು ಉಳಿದವು. ಅವು ತಮ್ಮ ಸ್ವಭಾವವನ್ನು ಶಾಶ್ವತವಾಗಿ ಬದಲಿಸಿಕೊಂಡಿರಲಿಲ್ಲ. ಅವುಗಳಿಗೆ ಸಿಕ್ಕಿದ್ದು ಆಸರೆಯಷ್ಟೇ.

ಅಂದಿನಿಂದ ಈವರೆಗೆ ತಿಳಿದುಬಂದ ಬಗೆಗಳನ್ನು ನಾಲ್ಕಾಗಿ ಹೇಳಬಹುದು. ಮೊದಲನೆಯದು ಈ ಅಂಟು: ಅಂಟಿದ ಕೋಶದೊಳಗೆ ಸಾವನ್ನು ತಡೆಯುವ ಸಂಕೇತಗಳು ಹೊರಡುತ್ತವೆ. ಎರಡನೆಯದು ಊಟ. ಮೈಲೋಮಾ ಕೋಶಗಳಿಗೆ ನೆರೆಯ ಆಧಾರಕೋಶಗಳು ಇಂಟರ್‌ಲ್ಯುಕಿನ್-6 ಎಂಬ ಬೆಳವಣಿಗೆಯ ವಸ್ತುವನ್ನು ಕೊಡುತ್ತವೆ. ಮಕ್ಕಳ ಲ್ಯುಕೇಮಿಯಾದಲ್ಲಿ ಆಸ್ಪರಾಜಿನೇಸ್ ಎಂಬ ಔಷಧಿಯದು ಕ್ಯಾನ್ಸರ್ ಕೋಶಕ್ಕೆ ಬೇಕಾದ ಆಸ್ಪರಾಜಿನ್ ಅನ್ನು ರಕ್ತದಲ್ಲಿ ಇಲ್ಲದಂತೆ ಮಾಡುವ ಉಪಾಯ. ಮಜ್ಜೆಯ ಆಧಾರಕೋಶಗಳು ಅದೇ ವಸ್ತುವನ್ನು ತಯಾರಿಸಿ ನೆರೆಯವಕ್ಕೆ ಉಣಿಸಬಲ್ಲವೆಂದು 2007ರಲ್ಲಿ ಕಂಡುಬಂತು. ಮೂರನೆಯದು ನಿದ್ದೆ. ಬಹುಪಾಲು ಕೀಮೋ ಔಷಧಿಗಳು ಇಬ್ಭಾಗವಾಗುತ್ತಿರುವ ಕೋಶಗಳನ್ನು ಕೊಲ್ಲುತ್ತವೆ. ಜಪಾನಿನ ಫುಮಿಹಿಕೊ ಇಶಿಕಾವಾ ಮತ್ತು ಸಂಗಡಿಗರು 2007ರಲ್ಲಿ ಮನುಷ್ಯರ ಲ್ಯುಕೇಮಿಯಾವನ್ನು ಇಲಿಗಳಲ್ಲಿ ಬೆಳೆಸಿ ಔಷಧಿ ಕೊಟ್ಟಾಗ, ಎಲುಬಿನ ಒಳಗೋಡೆಗೆ ಒತ್ತಿ ಕುಳಿತು ವಿಭಜನೆಯನ್ನೇ ನಿಲ್ಲಿಸಿದ್ದ ಕೋಶಗಳು ಉಳಿದುಕೊಂಡಿದ್ದವು. ನಾಲ್ಕನೆಯದು ಮನೆಯನ್ನೇ ತಿದ್ದುವುದು. ಲ್ಯುಕೇಮಿಯಾ ಕೋಶಗಳು ಆರೋಗ್ಯವಂತ ಆಕರಕೋಶಗಳ ಠಾವನ್ನು ಕೆಡಿಸಿ ಅವನ್ನು ತಮ್ಮ ಕಡೆಗೆ ಸೆಳೆಯುತ್ತವೆಂದು ಷಿಕಾಗೋ ವಿಶ್ವವಿದ್ಯಾಲಯದವರು 2008ರಲ್ಲಿ ತೋರಿಸಿದರು. ಮೈಲೋಮಾದಲ್ಲಿ ಈ ತಿದ್ದುಪಡಿ ಎಲುಬಿನ ಮೇಲೆಯೇ ಕಾಣುತ್ತದೆ: ಕ್ಯಾನ್ಸರ್ ಕೋಶಗಳು ಎಲುಬು ಕೊರೆಯುವ ಕೋಶಗಳನ್ನು ಕೆರಳಿಸುತ್ತವೆ, ಕೊರೆದ ಎಲುಬಿನಿಂದ ಹೊರಬಿದ್ದ ವಸ್ತುಗಳು ಮತ್ತೆ ಕ್ಯಾನ್ಸರಿಗೇ ಆಹಾರವಾಗುತ್ತವೆ. ಕಾಕುವಿನ ಬೆನ್ನುನೋವಿನ ಮೂಲ ಅದು.

ವಿಜಯಪುರದ ಎರೆಹೊಲ ಕಂಡವರಿಗೆ ಇದು ಹೊಸ ಮಾತಲ್ಲ. ಕರಿಕೆಯನ್ನು ಮೇಲಿಂದ ಎಷ್ಟು ಕುಂಟೆ ಹೊಡೆದರೂ ಹೊಲ ಶುಭ್ರವಾದಂತೆ ಕಾಣುವುದು ಬೇಸಿಗೆಯ ಮಟ್ಟಿಗೆ. ಆಳದ ಬೇರು ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಅದಕ್ಕಾಗಿ ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೂಡಿ, ಬೇರನ್ನು ಮೇಲಕ್ಕೆತ್ತಿ ಬಿಸಿಲಿಗೆ ಒಡ್ಡುತ್ತಾರೆ. ಔಷಧಶಾಸ್ತ್ರವೂ ಇದೇ ಉಪಾಯವನ್ನು ಹುಡುಕಿತು. ಆಕರಕೋಶಗಳನ್ನು ಮಜ್ಜೆಯಲ್ಲಿ ಹಿಡಿದಿಡುವ ಹಗ್ಗವೊಂದನ್ನು ಸಡಿಲಿಸುವ ಪ್ಲೆರಿಕ್ಸಾಫಾರ್ ಎಂಬ ಔಷಧಿಯಿದೆ. ಅದನ್ನು ಮೊದಲು ಪರೀಕ್ಷಿಸಿದ್ದು ಎಚ್‌ಐವಿಯ ವಿರುದ್ಧ. ಆಗ ರಕ್ತದಲ್ಲಿ ಬಿಳಿಕಣಗಳು ಏರುವುದು ಕಂಡಿತು. 2008ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತದ್ದು, ಮೈಲೋಮಾ ಮತ್ತು ಲಿಂಫೋಮಾ ರೋಗಿಗಳ ಆಕರಕೋಶಗಳನ್ನು ರಕ್ತಕ್ಕೆ ಇಳಿಸಿ ಸಂಗ್ರಹಿಸುವುದಕ್ಕೆ. ಹೀಗೆ ತೆಗೆದಿಟ್ಟ ಕೋಶಗಳನ್ನು, ಮಜ್ಜೆಯನ್ನು ಭಾರಿ ಔಷಧಿಯಿಂದ ಬರಿದು ಮಾಡಿದ ಮೇಲೆ ತೋಳಿನ ರಕ್ತನಾಳಕ್ಕೆ ಹರಿಸಿದರೆ ಸಾಕು. ಅವು ತಾವಾಗಿ ತಮ್ಮ ಗೂಡು ಹುಡುಕಿಕೊಂಡು ಎಲುಬಿಗೆ ಸೇರುತ್ತವೆ. ಭಾರತದಲ್ಲಿ ಮೊದಲ ಮಜ್ಜೆಯ ಕಸಿ, ಒಡಹುಟ್ಟಿದ ಹುಡುಗನ ಮಜ್ಜೆಯಿಂದ ಬಾಲಕಿಯೊಬ್ಬಳಿಗೆ, 1983ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ ಸುರೇಶ್ ಅಡ್ವಾಣಿಯವರಿಂದ ನಡೆಯಿತು.

ಮೈಲೋಮಾ ರೋಗಿಗಳಿಗೆ ಮಣ್ಣಿನ ಚಿಕಿತ್ಸೆ ಅನಿರೀಕ್ಷಿತ ಕಡೆಯಿಂದ ಬಂತು. ಬಸುರಿಯರಿಗೆ ಕೊಟ್ಟು ಸಾವಿರಾರು ಶಿಶುಗಳು ಅಂಗವಿಕಲರಾಗಿ ಹುಟ್ಟಿದ್ದರಿಂದ 1961ರಲ್ಲಿ ಹಿಂತೆಗೆದುಕೊಂಡ ಥಾಲಿಡೊಮೈಡ್, ಹೊಸ ರಕ್ತನಾಳಗಳು ಹುಟ್ಟದಂತೆ ತಡೆಯಬಹುದೆಂಬ ಆಸೆಯಿಂದ ಮತ್ತೆ ಪರೀಕ್ಷೆಗೆ ಬಂದು, 1999ರಲ್ಲಿ ಮೈಲೋಮಾಕ್ಕೆ ಔಷಧಿಯಾಗಿ ತೋರಿತು. ಅದು ಮಣ್ಣಿಗಷ್ಟೇ ಅಲ್ಲ, ಬೀಜಕ್ಕೂ ನೇರವಾಗಿ ನಾಟುತ್ತದೆಂದು ತಿಳಿದದ್ದು ಆಮೇಲೆ. 2003ರಲ್ಲಿ ಬಂದ ಬೋರ್ಟೆಜೊಮಿಬ್ ಕೂಡ ಕೋಶವನ್ನೂ ಅದರ ಆಸರೆಯನ್ನೂ ಒಟ್ಟಿಗೆ ಕೆಡಿಸುತ್ತದೆ. ಎಲುಬು ಕೊರೆತ ತಡೆಯುವ ಡ್ರಿಪ್ ಕಾಕುವಿಗೂ ಹಾಕಿದ್ದಾರೆ. ಎಲ್ಲ ಪ್ರಯತ್ನವೂ ಫಲಿಸಿಲ್ಲ ಎಂಬುದನ್ನೂ ಹೇಳಬೇಕು. ರಕ್ತನಾಳದ ಒಳಗೋಡೆಗೆ ಲ್ಯುಕೇಮಿಯಾ ಕೋಶಗಳು ಅಂಟದಂತೆ ತಡೆಯುವ ಉಪ್ರೊಲೆಸೆಲಾನ್ ಬಗ್ಗೆ ಬಹಳ ಭರವಸೆಯಿತ್ತು. 2024ರಲ್ಲಿ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಾಗ ರೋಗಿಗಳ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ.

ತೊಡಕು ಎಲ್ಲಿದೆಯೆಂದರೆ, ಮನೆ ಇರುವುದು ಒಂದೇ. ಕ್ಯಾನ್ಸರಿಗೆ ಆಸರೆ ಕೊಡುವ ಗೂಡನ್ನೇ ನಮ್ಮ ನಿತ್ಯದ ರಕ್ತದ ತಾಯಿಕೋಶಗಳೂ ನೆಚ್ಚಿಕೊಂಡಿವೆ. ಗೋಡೆ ಕೆಡವಿದರೆ ದೀಪವೂ ಆರುತ್ತದೆ. ಮಜ್ಜೆ ಯಾರಿಗೂ ದ್ರೋಹ ಬಗೆದಿಲ್ಲ. ವಿಷ ಬಂದಾಗ, ಬರ ಬಂದಾಗ ತನ್ನ ಮಡಿಲಲ್ಲಿರುವುದನ್ನು ಉಳಿಸುವುದು ಅದರ ಸಹಜ ಧರ್ಮ. ಮಡಿಲಲ್ಲಿರುವುದು ಯಾವುದೆಂದು ಅದು ನೋಡುವುದಿಲ್ಲ. ಆದ್ದರಿಂದಲೇ ಈ ಮನೆಯ ಸ್ವಭಾವವನ್ನು ತಿಳಿಯುವ ಕೆಲಸ ಇನ್ನೂ ನಡೆದಿದೆ, ನಮ್ಮ ಊರಿನಲ್ಲಿಯೂ ನಡೆದಿದೆ. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ 1986ರಲ್ಲಿ ಸ್ಥಾಪನೆಯಾದಾಗ ಅದರ ಹೆಸರೇ ಅಂಗಾಂಶ ಮತ್ತು ಕೋಶ ಕೃಷಿಯ ರಾಷ್ಟ್ರೀಯ ಸೌಲಭ್ಯ ಎಂದಿತ್ತು. ಅಲ್ಲಿ ವೈಜಯಂತಿ ಕಾಳೆಯವರ ತಂಡ ಮಜ್ಜೆಯ ಆಧಾರಕೋಶಗಳಿಗೂ ಆಕರಕೋಶಗಳಿಗೂ ನಡುವಿನ ಮಾತುಕತೆಯನ್ನು ಅಭ್ಯಸಿಸಿತು. ಎಳೆಯ ಆಧಾರಕೋಶಗಳು ಹೊರಬಿಡುವ ಸೂಕ್ಷ್ಮ ಗುಳ್ಳೆಗಳು ಮುದಿ ಇಲಿಯ ಆಕರಕೋಶಗಳಿಗೆ ಹೊಸ ಕಸುವು ಕೊಡುತ್ತವೆ ಎಂಬ ಅವರ ಲೇಖನ 2018ರಲ್ಲಿ ಪ್ರಕಟವಾಯಿತು. ಕಮಲ ರಣದಿವೆ ನೆಟ್ಟ ಬೇಸಾಯ ಅವರ ಹುಟ್ಟೂರಿನಲ್ಲಿ ಮುಂದುವರಿದಿದೆ ಎನ್ನಬಹುದು.

ಇಂಗ್ಲಿಷ್ ಸಾಹಿತ್ಯ ಓದಿದವರಾದ್ದರಿಂದ ಇನ್ನೊಂದು ಸಂಗತಿ ನಮಗೆ ನೆನಪಾಗದೆ ಇರದು. ಸ್ಕೋಫೀಲ್ಡ್ ತಮ್ಮ ಗೂಡಿನ ಸಿದ್ಧಾಂತ ಮಂಡಿಸಿದ ಅದೇ 1978ರಲ್ಲಿ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಅವರ ‘ಇಲ್‌ನೆಸ್ ಆ್ಯಸ್ ಮೆಟಫರ್’ ಪುಸ್ತಕ ಬಂತು. ಸ್ವತಃ ಸ್ತನದ ಕ್ಯಾನ್ಸರ್ ಅನುಭವಿಸಿದ್ದ ಅವರು, ರೋಗವನ್ನು ವ್ಯಕ್ತಿಯ ಸ್ವಭಾವದ ಫಲವೆಂದು, ಅದುಮಿಟ್ಟ ಭಾವನೆಗಳ ಶಿಕ್ಷೆಯೆಂದು ಹೇಳುವ ಲೋಕರೂಢಿಯನ್ನು ಅದರಲ್ಲಿ ಖಂಡಿಸಿದರು. ಅಂಥ ಮಾತು ರೋಗಿಯ ತಲೆಯ ಮೇಲೆ ನೋವಿನ ಜೊತೆಗೆ ನಾಚಿಕೆಯನ್ನೂ ಹೇರುತ್ತದೆ ಎಂಬುದು ಅವರ ಆಕ್ಷೇಪ. 2004ರ ಡಿಸೆಂಬರ್ 28ರಂದು ಅವರು ತೀರಿಕೊಂಡದ್ದು ರಕ್ತದ ಕ್ಯಾನ್ಸರಿನಿಂದ; ಮಜ್ಜೆಯ ಕಸಿ ಅವರಿಗೆ ಫಲಿಸಲಿಲ್ಲ. ಬೀಜ, ಮಣ್ಣು, ಗೂಡು ಎಂದು ನಾವು ಇಲ್ಲಿ ಹೇಳಿದವೂ ರೂಪಕಗಳೇ. ಆದರೆ ಇವು ರೋಗಿಯನ್ನು ದೂರುವ ರೂಪಕಗಳಲ್ಲ. ರೋಗ ಉಳಿದದ್ದು ಎಲ್ಲಿ ಎಂಬುದನ್ನು ಇವು ಹೇಳುತ್ತವೆ; ಯಾರ ತಪ್ಪು ಎಂದು ಹೇಳುವುದಿಲ್ಲ. ಬಂಧುಗಳ ಮಾತಿಗೂ ನೂರೈವತ್ತು ವರ್ಷಗಳ ಈ ಕಡತಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಇದನ್ನೆಲ್ಲ ಒಂದು ಭಾನುವಾರ ಕಾಕುವಿನ ನಡುಮನೆಯಲ್ಲಿ ಕುಳಿತು ಹೇಳಿದೆವು. ಗಣಿತ ಕಲಿಸಿದವರು, ಎರಡು ಇಲಿಗಳ ಲೆಕ್ಕವನ್ನು ನಮಗಿಂತ ಬೇಗ ಹಿಡಿದರು. ‘ಶುದ್ಧ’ ಎಂದು ಬರೆದ ವರದಿಯ ಅರ್ಥ ರೋಗ ಇಲ್ಲವೆಂದಲ್ಲ, ಆ ಪರೀಕ್ಷೆಗೆ ಕಾಣುವಷ್ಟು ಇಲ್ಲವೆಂದು ಎಂಬುದನ್ನು ತಾವೇ ನಮಗೆ ತಿಳಿಯಹೇಳಿದರು. ಎರಡನೆಯ ಸರದಿಯ ಔಷಧಿ ಈಗ ನಡೆದಿದೆ. ಪ್ರೋಟೀನಿನ ಅಂಕೆ ಇಳಿಯುತ್ತಿದೆ. ಎಷ್ಟು ಕಾಲ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಏಳುವಾಗ ಅವರು ಹೇಳಿದರು: “ಹಂಗಾರ ನನ್ನ ತಪ್ಪೇನಿಲ್ಲ ಅಂತ ಚಂದಂಗ ಕನ್ನಡದಾಗ ಬರದು ಕೊಡು ತಮ್ಮಾ. ನಮ್ಮ ನೆಗೆಣ್ಣಿಗೆ ಕಳಸಬೇಕು. ಆಕಿ ಇನ್ನೂ ಗೋಧಿಹುಲ್ಲಿನ ಮಾತೇ ಹಚ್ಚ್ಯಾಳ.”

ಅವರಿಗೆ ಕೊಟ್ಟ ಮಾತಿನಂತೆ ಬರೆದಿದ್ದೇವೆ.